ಸಹಾಯ ಬೇಕು: ಸಾಗರ ಶಾಖದ ಎರಡು ರೇಖೆಗಳು ಹಳೆಯ ದಶಕಗಳಲ್ಲಿ ತಾಳೆಯಾಗುತ್ತಿಲ್ಲ

ಹವಾಮಾನ ಬದಲಾವಣೆಯಿಂದ ಭೂಮಿಯಲ್ಲಿ ಉಳಿಯುತ್ತಿರುವ ಹೆಚ್ಚುವರಿ ಶಾಖದ ಸುಮಾರು ಶೇ 90ರಷ್ಟು ಸಾಗರಗಳಿಗೇ ಸೇರುತ್ತಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಲು, 2000 ಮೀಟರ್ ಆಳದವರೆಗಿನ ಸಾಗರ ಶಾಖದ ಎರಡು ದತ್ತಾಂಶಗಳನ್ನು ಒಂದೇ ರೇಖಾನಕ್ಷೆಯಲ್ಲಿ ಬರೆಯುತ್ತಿದ್ದೇನೆ. ಒಂದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾದ್ದು, ಇನ್ನೊಂದು ಚೀನಾದ ವಾಯುಮಂಡಲ ಭೌತವಿಜ್ಞಾನ ಸಂಸ್ಥೆಯದು.

ಮೊದಲನೆಯದಕ್ಕೆ 1955–2006ರ ಸರಾಸರಿಯೇ ಶೂನ್ಯ, ಎರಡನೆಯದಕ್ಕೆ 1981–2010ರದು. ಹಾಗಾಗಿ ಎರಡಕ್ಕೂ 2005–2014ರ ಸರಾಸರಿಯೇ ಶೂನ್ಯವಾಗುವಂತೆ ಹೊಂದಿಸಿಕೊಂಡೆ. ನೋವಾದ ಅಂಕಿಗಳು 2005ಕ್ಕೆ ಮೊದಲು ಐದು ವರ್ಷಗಳ ಸರಾಸರಿಯ ರೂಪದಲ್ಲಷ್ಟೇ ಇರುವುದರಿಂದ ಇನ್ನೊಂದನ್ನೂ ಹಾಗೆಯೇ ಸರಾಸರಿ ಮಾಡಿದೆ. ಆರ್ಗೊ ತೇಲುಯಂತ್ರಗಳು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತಾ ಅಳೆದ ವರ್ಷಗಳಲ್ಲಿ ರೇಖೆಗಳು ಬಹುಮಟ್ಟಿಗೆ ಕೂಡಿಕೊಳ್ಳುತ್ತವೆ. 1990ಕ್ಕಿಂತ ಹಿಂದಕ್ಕೆ ಹೋದಂತೆ ಅಂತರ ಹಿಗ್ಗುತ್ತದೆ.

ಗೊಂದಲ ಇಲ್ಲಿದೆ. ಆ ಕಾಲದಲ್ಲಿ ಹಡಗುಗಳಿಂದ ಬಿಡುತ್ತಿದ್ದ, ನೀರಿನಲ್ಲಿ ಬೀಳುತ್ತಾ ಉಷ್ಣತೆ ಅಳೆಯುವ ಎಕ್ಸ್‌ಬಿಟಿ ಶೋಧಕಗಳಿಗೆ ಆಳವನ್ನು ನೇರವಾಗಿ ಅಳೆಯುವ ಸಾಧನವಿರಲಿಲ್ಲ. ನೀರಿಗೆ ಬಿದ್ದ ಕ್ಷಣದಿಂದ ಕಳೆದ ಸಮಯ ಮತ್ತು ಬೀಳುವ ವೇಗದ ಸೂತ್ರದಿಂದ ಆಳವನ್ನು ಲೆಕ್ಕಹಾಕುತ್ತಿದ್ದರು, ಹೀಗಾಗಿ ಸೂತ್ರ ತುಸು ತಪ್ಪಿದರೂ ಉಷ್ಣತೆ ಬೇರೊಂದು ಆಳದ ಲೆಕ್ಕಕ್ಕೆ ಸೇರುತ್ತಿತ್ತು. ಅಲ್ಲದೆ ದಕ್ಷಿಣ ಸಾಗರದಲ್ಲಿ, ಅದರಲ್ಲೂ 700 ಮೀಟರ್‌ಗಿಂತ ಕೆಳಗೆ, ಅಳತೆಗಳೇ ಅತಿ ವಿರಳ. ಆ ಖಾಲಿ ಜಾಗಗಳನ್ನು ಎರಡೂ ಸಂಸ್ಥೆಗಳು ಬೇರೆ ಬೇರೆ ವಿಧಾನದಲ್ಲಿ ತುಂಬುತ್ತವೆ. ನನಗೆ ಈ ತುಂಬುವ ವಿಧಾನದ ವ್ಯತ್ಯಾಸವೇ ಮುಖ್ಯ ಕಾರಣವೆನಿಸುತ್ತದೆ, ಆದರೆ ಸಾಬೀತುಪಡಿಸುವ ದಾರಿ ತೋಚುತ್ತಿಲ್ಲ.

ಈ ದತ್ತಾಂಶಗಳೊಡನೆ ಕೆಲಸ ಮಾಡಿರುವವರು ದಯವಿಟ್ಟು ತಿಳಿಸಿ: ಉಳಿದಿರುವ ಅಂತರದಲ್ಲಿ ಶೋಧಕಗಳ ಆಳದ ತಪ್ಪಿಗೆ ಮಾಡುವ ತಿದ್ದುಪಡಿಯ ಪಾಲೆಷ್ಟು, ಖಾಲಿ ಜಾಗ ತುಂಬುವ ವಿಧಾನದ ಪಾಲೆಷ್ಟು ಎಂಬುದನ್ನು 0–700 ಮತ್ತು 700–2000 ಮೀಟರ್ ಪದರಗಳನ್ನು ಪ್ರತ್ಯೇಕವಾಗಿ ಹೋಲಿಸಿ ಬೇರ್ಪಡಿಸಬಹುದೇ, ಅಥವಾ ಅದಕ್ಕೆ ಮೂಲ ಅಳತೆಗಳೇ ಬೇಕೇ?