ಸಹಾಯ ಬೇಕು: ಲೇಹ್‌ಗೆ ಹೋಗುವ ಲಾರಿಗೆ ಡೀಸೆಲ್ ಬಿಸಿ ಮಾಡುವ ಹೀಟರ್ ಹಾಕಿಸಬೇಕಾ?

ಲಾರಿ ಓಡಿಸುವ ಅಣ್ಣಂದಿರಿಗೆ ನಮಸ್ಕಾರ. ನನ್ನ ತಮ್ಮ ನವೆಂಬರ್ ಕೊನೆಗೆ ಲೋಡ್ ತಗೊಂಡು ಶ್ರೀನಗರ, ಕಾರ್ಗಿಲ್ ಮೇಲೆ ಲೇಹ್‌ಗೆ ಹೋಗುತ್ತಿದ್ದಾನೆ. ಗಾಡಿ ಬಿಎಸ್ 6. ಚಿತ್ರದುರ್ಗದ ಚಳಿ ಬಿಟ್ಟರೆ ಅವನು ಬೇರೆ ಚಳಿ ಕಂಡವನಲ್ಲ.

ಚಳಿಗಾಲದಲ್ಲಿ ಆ ದಾರಿಯಲ್ಲಿ ಸಿಗುವ ದ್ರಾಸ್ ಕಡೆ ರಾತ್ರಿ ಮೈನಸ್ 15ಕ್ಕಿಂತ ಕೆಳಗೂ ಇಳಿಯುತ್ತದೆ. ಅಷ್ಟು ಚಳಿಗೆ ಮಾಮೂಲಿ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ. 2019ರಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದೇ ಬಿಟ್ಟ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿವರೆಗೂ ಗಟ್ಟಿಯಾಗುವುದಿಲ್ಲ. ಅದನ್ನೇ ತುಂಬಿಸಿದರೆ ಹೀಟರ್‌ಗೆ ಸುಮ್ನೆ ಖರ್ಚು ಅಲ್ವಾ? ಆದರೆ ಅದು ಸಿಗುವ ಬಂಕ್ ತಲುಪುವ ಮೊದಲೇ ಜೋಜಿಲಾ ಕಣಿವೆಮಾರ್ಗದ ಹತ್ತಿರ ರಾತ್ರಿ ನಿಲ್ಲಬೇಕಾಗಿ ಬಂದರೆ? ಟ್ಯಾಂಕ್ ತುಂಬ ಕೆಳಗಿನ ಊರುಗಳಲ್ಲಿ ತುಂಬಿಸಿದ ಮಾಮೂಲಿ ಡೀಸೆಲ್ಲೇ ಇರುತ್ತದೆ. ನನಗೆ ಜಾಸ್ತಿ ಭಯ ಇರುವುದು ಇಲ್ಲೇ.

ಫಿಲ್ಟರ್‌ಗೆ 24 ವೋಲ್ಟ್ ಹೀಟರ್ ಸಾಕಾ, ಟ್ಯಾಂಕ್‌ಗೂ ಬೇಕಾ? ಸೀಮೆಎಣ್ಣೆ ಬೆರೆಸಿ, ಟ್ಯಾಂಕ್ ಕೆಳಗೆ ಬೆಂಕಿ ಹಾಕಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಒಂದು ಇಂಜೆಕ್ಟರ್ ಹಾಳು ಮಾಡುತ್ತದೆ, ಇನ್ನೊಂದು ಜೀವಕ್ಕೇ ಅಪಾಯ. ಡಿಇಎಫ್ (ಹೊಗೆ ಶುದ್ಧ ಮಾಡಲು ಪ್ರತ್ಯೇಕ ಟ್ಯಾಂಕ್‌ಗೆ ಹಾಕುವ ಯೂರಿಯಾ ದ್ರಾವಣ) ಬೇರೆ ಮೈನಸ್ 11ಕ್ಕೇ ಹೆಪ್ಪುಗಟ್ಟುತ್ತದೆ. ಅದಕ್ಕೇನು ಮಾಡುತ್ತೀರಿ?

ಆ ರೂಟಲ್ಲಿ ಚಳಿಗಾಲದಲ್ಲಿ ಓಡಿಸಿದವರು ಬೇಗ ಹೇಳಿ. ಮುಂದಿನ ವಾರವೇ ಹೊರಡುತ್ತಾನೆ.