ಕಡಲೂರಿನವರು ಬೇಸಿಗೆ ರಜೆಯನ್ನು ಊರಿನಲ್ಲೇ ಸೊಗಸಾಗಿ ಕಳೆಯುವುದು ಹೇಗೆ?

ಪ್ರಶ್ನೆ

ನಾವು ಬಹಳ ಕಾಲದಿಂದ ಕಡಲತಡಿಯ ನಗರವೊಂದರಲ್ಲಿ ನೆಲೆಸಿದ್ದೇವೆ. ಈ ಬೇಸಿಗೆಯಲ್ಲಿ ದೂರದ ಪ್ರಯಾಣ ಬೇಡವೆಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಿದ್ದು, ಒಂದು ವಾರ ರಜೆ ಹಾಕಿ ಊರಲ್ಲೇ ಇರಲಿದ್ದೇವೆ. ಹೊರಗಿನವರು ಹಣ ತೆತ್ತು ನೋಡಲು ಬರುವ ಕಡಲು ನಮಗೆ ಬಸ್ಸಿನ ಕಿಟಕಿಯಲ್ಲಿ ದಿನವೂ ಕಾಣುತ್ತದೆ. ಆದರೆ ಅದರ ಹತ್ತಿರ ಹೋಗಿ ಕೂರುವುದು ಅಪರೂಪವಾಗಿಬಿಟ್ಟಿದೆ. ಹಗಲಿನ ಸೆಕೆ ಮತ್ತು ಸಂಜೆಯ ಜನಜಂಗುಳಿಯ ನಡುವೆ ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬುದೇ ನನ್ನ ಚಿಂತೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ತಾಯಿಯವರಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ದೂರ ನಡೆಯಲಾಗದು. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1

ಪ್ರವಾಸಿಗರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಅವರು ಬಂದ ದಿನ ಕಡಲು ಹೇಗಿರುತ್ತದೋ ಹಾಗೆಯೇ ನೋಡಿ ಹೋಗಬೇಕು. ನೀವಾದರೋ ಹೊತ್ತು ನೋಡಿಕೊಂಡು ಹೋಗಬಹುದು. ಆದ್ದರಿಂದ ರಜೆ ಶುರುವಾಗುವ ಮೊದಲೇ ನಿಮ್ಮ ಊರಿನ ಉಬ್ಬರ ಇಳಿತದ ವೇಳಾಪಟ್ಟಿಯನ್ನು ಹುಡುಕಿ ಇಟ್ಟುಕೊಳ್ಳಿ. ಬಹುತೇಕ ಕರಾವಳಿಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಉಂಟಾಗುತ್ತವೆ, ಮತ್ತು ಚಂದ್ರನ ಚಲನೆಯಿಂದಾಗಿ ಅವುಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಉಳಿದ ದಿನ ಮುಳುಗಿಯೇ ಇರುವ ಬಂಡೆಗಳು ಆಗ ಹೊರಗೆ ಕಾಣಿಸುತ್ತವೆ. ನಿಮ್ಮ ವಾರದಲ್ಲಿ ಅಂಥದೊಂದು ದಿನ ಸಿಗುವ ಹಾಗೆ ರಜೆ ಹಾಕಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಊರಿನಲ್ಲಿ ಕಲ್ಲುಬಂಡೆಗಳ ತೀರವಿದ್ದರೆ, ಇಳಿತ ಪೂರ್ಣವಾಗುವುದಕ್ಕೆ ಒಂದು ಗಂಟೆ ಮೊದಲೇ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬಂಡೆಯ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಒಂದು ಹೊಂಡದ ಪಕ್ಕದಲ್ಲಿ, ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ, ಅಲುಗಾಡದೆ ಕುಳಿತುಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಕಲ್ಲೆಂದುಕೊಂಡಿದ್ದ ಚಿಪ್ಪೊಂದರ ಬಾಯಿಯಿಂದ ಎರಡು ಮೀಸೆಗಳು, ಆಮೇಲೆ ಪುಟ್ಟ ಕೊಂಡಿಗಳು ಹೊರಬಂದು, ಸನ್ಯಾಸಿ ಏಡಿ ಮನೆಯನ್ನು ಹೊತ್ತುಕೊಂಡೇ ನಡೆಯತೊಡಗುತ್ತದೆ. ಆ ಏಡಿ ತನ್ನ ಚಿಪ್ಪನ್ನು ತಾನೇ ಬೆಳೆಸಿಕೊಳ್ಳುವುದಿಲ್ಲ, ಸತ್ತ ಬಸವನಹುಳುಗಳು ಬಿಟ್ಟುಹೋದ ಚಿಪ್ಪುಗಳನ್ನೇ ಅವಲಂಬಿಸಿದೆ ಎಂಬುದನ್ನು ಮಕ್ಕಳಿಗೆ ಹೇಳಿದರೆ, ಚಿಪ್ಪುಗಳನ್ನು ಏಕೆ ಮನೆಗೆ ಒಯ್ಯಬಾರದೆಂದು ಬೇರೆ ಹೇಳಬೇಕಾಗುವುದಿಲ್ಲ. ಮಗುಚಿದ ಕಲ್ಲನ್ನು ಮೊದಲಿದ್ದ ಹಾಗೆಯೇ ಇಡಬೇಕು. ಪಾಚಿ ಹಿಡಿದ ಬಂಡೆ ಬಹಳ ಜಾರುವುದರಿಂದ ಹಿಡಿತವಿರುವ ಚಪ್ಪಲಿ ಬೇಕು; ನೀರು ಏರತೊಡಗಿದ ಕೂಡಲೇ ಮರಳಿಬಿಡಬೇಕು.

ಉತ್ತರ 2

ಸೆಕೆಯ ವಿಷಯವಾಗಿ ಒಂದು ಮಾತು. ಹಗಲಿನಲ್ಲಿ ನೆಲವು ನೀರಿಗಿಂತ ಬೇಗ ಕಾಯುವುದರಿಂದ ನೆಲದ ಮೇಲಿನ ಗಾಳಿ ಮೇಲೇರಿ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗಿ ಬರುತ್ತದೆ. ಈ ಕಡಲಗಾಳಿ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುಂಚೆ ಶುರುವಾಗಿ, ಇಳಿಹೊತ್ತಿಗೆ ಬಲಗೊಂಡು, ಸೂರ್ಯ ಮುಳುಗಿದ ಮೇಲೆ ಕುಗ್ಗುತ್ತದೆ. ರಾತ್ರಿ ಗಾಳಿಯ ದಿಕ್ಕು ತಿರುಗುತ್ತದೆ. ನಡುವೆ ಗಾಳಿಯೇ ಇಲ್ಲದ ಹೊತ್ತಿನಲ್ಲಿ, ತೇವಾಂಶದಿಂದಾಗಿ ಬೆವರು ಆರದೆ, ಸೆಕೆ ಇನ್ನಷ್ಟು ಹೆಚ್ಚಾದಂತೆ ಅನಿಸುತ್ತದೆ. ಕಡಲ ಕಡೆಯ ಕಿಟಕಿಗಳನ್ನು ಗಾಳಿ ಬೀಸತೊಡಗಿದಾಗ ತೆರೆದಿಟ್ಟು, ಎದುರು ಬದಿಯಲ್ಲೂ ಒಂದು ಕಿಟಕಿ ತೆರೆದರೆ ಮನೆಯೊಳಗೇ ಅದರ ಸುಖ ಸಿಗುತ್ತದೆ.

ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಮರಳಿನ ಮೇಲೆ ಹೋಗಲೇಬೇಡಿ. ನೇರ ಬಿಸಿಲು ಸಾಲದೆಂಬಂತೆ ಒಣಮರಳು ಸುಮಾರು ಶೇ. 15ರಷ್ಟು, ಅಲೆಯ ನೊರೆ ಸುಮಾರು ಶೇ. 25ರಷ್ಟು ನೇರಳಾತೀತ ಕಿರಣಗಳನ್ನು ಪ್ರತಿಫಲಿಸುವುದರಿಂದ ಕೊಡೆಯ ನೆರಳೊಂದೇ ಕಾಪಾಡುವುದಿಲ್ಲ. ಆ ಹೊತ್ತು ವಸ್ತುಸಂಗ್ರಹಾಲಯಕ್ಕೋ ಗ್ರಂಥಾಲಯಕ್ಕೋ ಮೀಸಲಿರಲಿ. ಸನ್‌ಸ್ಕ್ರೀನ್ ಹಚ್ಚಿದರೆ ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೆ ಮತ್ತೊಮ್ಮೆ ಹಚ್ಚಬೇಕು.

ಉತ್ತರ 3

ಊರಲ್ಲೇ ಕಳೆಯುವ ರಜೆಯನ್ನು ಕೆಡಿಸುವುದು ಬಿಸಿಲಿಗಿಂತ ಹೆಚ್ಚಾಗಿ ಮನೆಗೆಲಸವೇ. ಬಾಕಿ ಉಳಿದ ರಿಪೇರಿ, ಬ್ಯಾಂಕಿನ ಕೆಲಸ ಯಾವುದನ್ನೂ ಆ ವಾರಕ್ಕೆ ಇಟ್ಟುಕೊಳ್ಳಬೇಡಿ. ಅಡುಗೆಯ ಭಾರ ಒಬ್ಬರ ಮೇಲೆಯೇ ಬಿದ್ದರೆ ಅವರಿಗೆ ಅದು ರಜೆಯೇ ಅಲ್ಲ.

ತಾಯಿಯವರಿಗಾಗಿ: ನಿಮ್ಮ ಊರಿನ ದೀಪಸ್ತಂಭ ತಾರಸಿಗೆ ಕಾಣುವಂತಿದ್ದರೆ ರಾತ್ರಿ ಅಲ್ಲಿ ಕುರ್ಚಿ ಹಾಕಿಕೊಡಿ. ನಾವಿಕರು ಗುರುತಿಸಲೆಂದು ಒಂದು ಪ್ರದೇಶದ ದೀಪಸ್ತಂಭಗಳಿಗೆ ಬೇರೆ ಬೇರೆ ಮಿನುಗಿನ ಕ್ರಮವನ್ನು ಗೊತ್ತುಮಾಡಿರುತ್ತಾರೆ. ಎಷ್ಟು ಮಿಂಚು, ಎಷ್ಟು ಸೆಕೆಂಡಿನ ಬಿಡುವು ಎಂದು ಅಜ್ಜಿ ಮೊಮ್ಮಕ್ಕಳು ಸೇರಿ ಎಣಿಸಲಿ. ನಡೆಯುವ ಶ್ರಮವೇ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವೇಳಾಪಟ್ಟಿ ನೋಡಿದೆ, ವಾರದ ನಡುವೆಯೇ ಹುಣ್ಣಿಮೆ ಬರುತ್ತದೆ. ಮಕ್ಕಳು ನೀರಿಗಿಳಿಯಲು ಹಟ ಮಾಡುತ್ತಿದ್ದಾರೆ, ಬೆಳಗಿನ ಹೊತ್ತು ಜನ ಕಡಿಮೆಯೆಂದು ಆಗಲೇ ಕರೆದೊಯ್ಯಬಹುದೇ?

ಉತ್ತರ 4

ಜನ ಕಡಿಮೆ ಇರುವ ಹೊತ್ತು ನಡೆಯಲು ಒಳ್ಳೆಯದು, ಈಜಲು ಅಲ್ಲ. ಅಲೆಗಳು ಒಡೆಯುವ ಸಾಲಿನ ನಡುವೆ ನೊರೆಯಿಲ್ಲದೆ ಶಾಂತವಾಗಿ, ತುಸು ಕಪ್ಪಾಗಿ ಕಾಣುವ ಪಟ್ಟಿಯೇ ಎಷ್ಟೋ ಸಲ ನೀರು ರಭಸದಿಂದ ಹೊರಕ್ಕೆ ಹರಿಯುವ ಸೆಳವಾಗಿರುತ್ತದೆ, ಮತ್ತು ಅಲೆಯಿಲ್ಲವೆಂಬ ಕಾರಣಕ್ಕೇ ಜನ ಅಲ್ಲಿ ಇಳಿಯುತ್ತಾರೆ. ಅದರಲ್ಲಿ ಸಿಕ್ಕಿದವರು ದಡದತ್ತ ನೇರವಾಗಿ ಈಜಿದರೆ ದಣಿದು ಮುಳುಗುತ್ತಾರೆ. ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಕರೆದು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬರಬೇಕು. ಹುಣ್ಣಿಮೆಯ ದಿನಗಳಲ್ಲಿ ನೀರಿನ ಏರಿಳಿತ ಹೆಚ್ಚಿರುವುದರಿಂದ ಇನ್ನೂ ಎಚ್ಚರ ಬೇಕು. ಮುಂಜಾನೆ ಮರಳಾಟ ಆಡಿಸಿ. ಜೀವರಕ್ಷಕರು ಕೆಲಸಕ್ಕೆ ಬಂದು ಕೆಂಪು-ಹಳದಿ ಬಾವುಟ ನೆಟ್ಟ ಮೇಲೆ, ಆ ಎರಡು ಬಾವುಟಗಳ ನಡುವೆ ಮಾತ್ರ, ನೀವೂ ಕೈಗೆಟಕುವಷ್ಟು ಹತ್ತಿರದಲ್ಲಿ ನಿಂತು, ಮಕ್ಕಳನ್ನು ನೀರಿಗಿಳಿಸಿ. ಕೆಂಪು ಬಾವುಟ ಹಾರುತ್ತಿದ್ದರೆ ಆ ದಿನ ಬೇಡ.