ಪೋರ್ಟ್ ಫಾರ್ವರ್ಡ್ ಮಾಡಿದ್ದರೂ ಮನೆಯ ಸರ್ವರ್ ಹೊರಗಿನಿಂದ ತೆರೆಯುತ್ತಿಲ್ಲ

ಪ್ರಶ್ನೆ:

ನಮಸ್ಕಾರ. ಶಿರಸಿ ಸಮೀಪದ ನಮ್ಮ ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ನೆಕ್ಸ್ಟ್‌ಕ್ಲೌಡ್ ಎಂಬ ಫೈಲ್ ಸಂಗ್ರಹ ತಂತ್ರಾಂಶ ಹಾಕಿ, ಮನೆಮಂದಿಯ ಫೋಟೊಗಳನ್ನೆಲ್ಲ ಅದರಲ್ಲಿ ಇಟ್ಟಿದ್ದೇನೆ. ಬೆಂಗಳೂರಿನಲ್ಲಿದ್ದಾಗಲೂ ಅವು ನನಗೆ ಸಿಗಬೇಕು. ಫೈಬರ್ ಕಂಪನಿಯವರು ಕೊಟ್ಟ ಪೆಟ್ಟಿಗೆಗೆ ನನ್ನದೇ ರೂಟರನ್ನು ಜೋಡಿಸಿ, ಪೈಗೆ 192.168.0.50 ಎಂಬ ವಿಳಾಸವನ್ನು ಖಾಯಂ ಮಾಡಿ, 443ನೇ ಪೋರ್ಟನ್ನು ಅದರತ್ತ ಫಾರ್ವರ್ಡ್ ಮಾಡಿದ್ದೇನೆ, ಎಂದರೆ ಆ ಸಂಖ್ಯೆಯ ಬಾಗಿಲಿಗೆ ಬಂದ ವಿನಂತಿಯನ್ನು ರೂಟರ್ ಪೈಗೆ ದಾಟಿಸಬೇಕು. ರೂಟರಿನಲ್ಲೇ ಇರುವ ಡೈನಾಮಿಕ್ ಡಿಎನ್‌ಎಸ್ ಸೌಲಭ್ಯದಿಂದ ರೂಟರಿನ ವಿಳಾಸ ಬದಲಾದರೂ ಅದನ್ನೇ ತೋರಿಸುವ ಒಂದು ಹೆಸರನ್ನೂ ಪಡೆದಿದ್ದೇನೆ. ಮನೆಯ ವೈಫೈನಲ್ಲಿ ಆ ಹೆಸರು ಹಾಕಿದರೆ ಲಾಗಿನ್ ಪುಟ ಕೂಡಲೇ ಬರುತ್ತದೆ. ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಹಾಕಿದರೆ ಬಹಳ ಹೊತ್ತು ಸುತ್ತಿ ಸುತ್ತಿ ಕೈಚೆಲ್ಲುತ್ತದೆ. ಫೈರ್‌ವಾಲ್ ಆರಿಸಿ ನೋಡಿದೆ, ಪೋರ್ಟನ್ನು 8443ಕ್ಕೆ ಬದಲಿಸಿದೆ, ರೂಟರನ್ನು ರೀಸೆಟ್ ಮಾಡಿ ಮೊದಲಿನಿಂದ ಹೊಂದಿಸಿದೆ. ಮೂರು ಸಂಜೆಗಳು ಇದರಲ್ಲೇ ಹೋದವು.

ಉತ್ತರ:

ಮನೆಯೊಳಗಿನಿಂದ ತೆರೆದದ್ದೇ ನಿಮ್ಮನ್ನು ದಾರಿ ತಪ್ಪಿಸಿದೆ ಎಂದು ತೋರುತ್ತದೆ. ಒಳಗಿನಿಂದ ಹೊರಟ ವಿನಂತಿ ರೂಟರಿನ ಹೊರಮುಖದ ವಿಳಾಸಕ್ಕೆ ಹೋದಾಗ, ಅನೇಕ ರೂಟರುಗಳು ಅದನ್ನು ಅಲ್ಲಿಂದಲೇ ತಿರುಗಿಸಿ ಸರ್ವರಿಗೆ ಮುಟ್ಟಿಸುತ್ತವೆ. ಆ ವಿನಂತಿ ಹೊಸಿಲು ದಾಟಿಯೇ ಇರುವುದಿಲ್ಲ. ಹಾಗಾಗಿ ಆ ಪರೀಕ್ಷೆಯಿಂದ ನಿಮ್ಮ ಫಾರ್ವರ್ಡ್ ನಿಯಮ ಸರಿಯಿದೆ ಎಂಬುದಷ್ಟೇ ತಿಳಿಯುತ್ತದೆ, ಹೊರಗಿನಿಂದ ಬರಲು ದಾರಿ ಇದೆ ಎಂಬುದು ತಿಳಿಯುವುದಿಲ್ಲ.

ಪೋರ್ಟುಗಳನ್ನು ಇನ್ನು ಮುಟ್ಟಬೇಡಿ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ (ಹೊರಮುಖದ ವಿಳಾಸ) ಏನೆಂದಿದೆ, 'ನನ್ನ ಐಪಿ ಯಾವುದು' ಎಂದು ತೋರಿಸುವ ಯಾವುದಾದರೂ ಜಾಲತಾಣ ಅದೇ ವೈಫೈನಲ್ಲಿ ಏನು ತೋರಿಸುತ್ತದೆ, ಮತ್ತು ನಿಮ್ಮ ಡಿಎನ್‌ಎಸ್ ಹೆಸರು ಯಾವ ವಿಳಾಸವನ್ನು ಹೇಳುತ್ತದೆ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೂರೂ ಒಂದೇ ಆಗಿರದಿದ್ದರೆ ತೊಂದರೆ ಪೈನದ್ದಲ್ಲ.

ಪ್ರಶ್ನಿಸಿದವರು:

ರೂಟರಿನಲ್ಲಿ 192.168.1.2 ಎಂದಿದೆ, ಹೆಸರೂ ಅದನ್ನೇ ಹೇಳುತ್ತಿದೆ. ಜಾಲತಾಣ ತೋರಿಸಿದ್ದು ಬೇರೆಯೇ. ಎಂದರೆ ಮೊಬೈಲ್ ಇಷ್ಟು ದಿನ ಇಂಟರ್‌ನೆಟ್‌ನಲ್ಲಿ ಇಲ್ಲದೇ ಇರುವ ವಿಳಾಸವನ್ನು ಹುಡುಕುತ್ತಿತ್ತೇ?

ಉತ್ತರ:

ಹೌದು, ಅದು ಒಳಬಳಕೆಯ ವಿಳಾಸ. ಕಂಪನಿಯ ಪೆಟ್ಟಿಗೆಯೂ ರೂಟರಾಗಿಯೇ ಕೆಲಸ ಮಾಡುತ್ತಿದೆ. ಒಂದರ ಹಿಂದೆ ಒಂದು ಎರಡು ಬಾಗಿಲುಗಳಿವೆ, ನೀವು ತೆರೆದದ್ದು ಒಳಬಾಗಿಲನ್ನು ಮಾತ್ರ. ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೆಯೇ ದಾಟಿಸುವ ಸ್ಥಿತಿ) ಹಾಕಿಸಿಕೊಂಡು, ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ನಿಮ್ಮ ರೂಟರಿನಲ್ಲಿ ತುಂಬಿ. ಬಳಿಕ ವ್ಯಾನ್ ವಿಳಾಸವನ್ನು ಮತ್ತೆ ನೋಡಿ ತಿಳಿಸಿ.

ಪ್ರಶ್ನಿಸಿದವರು:

ಸಹಾಯವಾಣಿಗೆ ನಾಲ್ಕು ಬಾರಿ ಫೋನ್ ಮಾಡಿದ ಮೇಲೆ ಬ್ರಿಡ್ಜ್ ಮಾಡಿಕೊಟ್ಟರು. ಈಗ ವ್ಯಾನ್ ವಿಳಾಸ 100.81ರಿಂದ ಆರಂಭವಾಗುತ್ತಿದೆ. ಹೊರಗಿನಿಂದ ಈಗಲೂ ತೆರೆಯುತ್ತಿಲ್ಲ.

ಉತ್ತರ:

ಇದೇ ಇರಬಹುದೆಂಬ ಅನುಮಾನ ಮೊದಲೇ ಇತ್ತು. 100.64.0.0ರಿಂದ 100.127.255.255ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು 2012ರಲ್ಲಿ ಸೇವಾದಾರರ ಒಳಬಳಕೆಗೆಂದೇ ಮೀಸಲಿಟ್ಟರು. ಹಳೆಯ ಮಾದರಿಯ ಐಪಿವಿ4 ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿದಿದ್ದರಿಂದ, ಒಂದು ಸಾರ್ವಜನಿಕ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚುವ ಸಿಜಿ-ನ್ಯಾಟ್ ವ್ಯವಸ್ಥೆ ಹೀಗೆ ಬೇರೂರಿತು. ಅಲ್ಲಿರುವ ಮೂರನೆಯ ಬಾಗಿಲು ಕಂಪನಿಯ ಕೈಯಲ್ಲಿದೆ. ನಿಮ್ಮ ರೂಟರಿನಲ್ಲಿ ಎಷ್ಟು ನಿಯಮ ಬರೆದರೂ ಅದು ತೆರೆಯುವುದಿಲ್ಲ.

ಹಣ ಕಟ್ಟಿ ಸ್ಥಿರ ಐಪಿ ಪಡೆಯುವುದು ನೇರವಾದ ದಾರಿ, ಆದರೆ ಎಲ್ಲ ಯೋಜನೆಗಳಲ್ಲೂ ಅದನ್ನು ಕೊಡುವುದಿಲ್ಲ. ಹೊಸ ಮಾದರಿಯ ಐಪಿವಿ6 ವಿಳಾಸ ಬರುತ್ತಿದ್ದರೆ ಪೈಗೆ ಜಗತ್ತಿಗೆಲ್ಲ ಕಾಣುವ ಸ್ವಂತ ವಿಳಾಸವೇ ಇರುತ್ತದೆ. ಅಲ್ಲಿ ಫಾರ್ವರ್ಡ್ ಮಾಡುವ ಮಾತಿಲ್ಲ, ರೂಟರಿನ ಐಪಿವಿ6 ಫೈರ್‌ವಾಲಿನಲ್ಲಿ 443ನ್ನು ಬಿಟ್ಟುಕೊಟ್ಟರೆ ಸಾಕು. ಆದರೆ ಆಫೀಸಿನಂಥ ಕಡೆ ಬರೀ ಐಪಿವಿ4 ಇದ್ದರೆ ಅಲ್ಲಿಂದ ತೆರೆಯಲಾಗದು. ಆದ್ದರಿಂದ ನನ್ನ ಒಲವು ಸುರಂಗದ ಕಡೆಗೆ: ಸಾರ್ವಜನಿಕ ವಿಳಾಸವಿರುವ ಒಂದು ಸಣ್ಣ ವಿಪಿಎಸ್ (ಡೇಟಾ ಸೆಂಟರಿನಲ್ಲಿರುವ ವರ್ಚುವಲ್ ಸರ್ವರ್) ಬಾಡಿಗೆಗೆ ಹಿಡಿದು, ಪೈ ತಾನಾಗಿಯೇ ಹೊರಟು ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಮೂಲಕ ಅದನ್ನು ಸೇರುವಂತೆ ಮಾಡಿ, ಅಲ್ಲಿಗೆ ಬಂದ 443ರ ವಿನಂತಿಗಳನ್ನು ಸುರಂಗದೊಳಗೆ ಬಿಡಿ. ಒಳಗಿನಿಂದ ಹೊರಟ ಸಂಪರ್ಕವನ್ನು ಸಿಜಿ-ನ್ಯಾಟ್ ತಡೆಯುವುದಿಲ್ಲ, ಆದರೆ ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಮರೆತುಬಿಡುತ್ತದೆ. ಆದಕಾರಣ ಪೈನ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ, ಅಷ್ಟಕ್ಕೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗಿ ದಾರಿ ತೆರೆದೇ ಇರುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ, ಪೈ ಎದ್ದೊಡನೆ ಸುರಂಗವೂ ತಾನಾಗಿ ಏಳುವಂತೆ ಮಾಡಿರಿ. ಫೈರ್‌ವಾಲ್ ಆರಿಸಿದ್ದೇನೆ ಎಂದಿದ್ದಿರಿ, ದಯವಿಟ್ಟು ಅದನ್ನು ಈಗಲೇ ಮತ್ತೆ ಹಾಕಿ.

ಪ್ರಶ್ನಿಸಿದವರು:

ಸುರಂಗ ಸಿದ್ಧವಾಯಿತು, ವಿಪಿಎಸ್‌ಗೆ ಐಪಿವಿ6 ಮೂಲಕ ಸೇರುತ್ತಿದೆ. ಮೊಬೈಲಿನಲ್ಲಿ ಲಾಗಿನ್ ಪುಟ ಬಂತು. ಆದರೆ ಒಂದು ವಿಚಿತ್ರ: ಫೋಟೊ ಕಳುಹಿಸಿದರೆ ಸೊನ್ನೆ ಶೇಕಡಾದಲ್ಲೇ ನಿಲ್ಲುತ್ತದೆ. ಸಣ್ಣ ಪ್ಯಾಕೆಟ್ ಕಳುಹಿಸಿ ನೋಡುವ ಪಿಂಗ್ ಚೆನ್ನಾಗಿಯೇ ಹೋಗುತ್ತಿದೆ.

ಉತ್ತರ:

ಸಣ್ಣದು ದಾಟಿ ದೊಡ್ಡದು ಸಿಕ್ಕಿಕೊಳ್ಳುತ್ತಿದ್ದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ನೋಡಬೇಕು. ಈಥರ್ನೆಟ್ಟಿನ 1500 ಬೈಟ್‌ಗಳಲ್ಲಿ ಪಿಪಿಪಿಒಇ 8ನ್ನು ತೆಗೆದುಕೊಂಡು 1492 ಉಳಿಸುತ್ತದೆ. ಐಪಿವಿ6 ಮೇಲೆ ಹೋಗುವ ವೈರ್‌ಗಾರ್ಡ್ ತನ್ನ ಹೊದಿಕೆಗೆ ಇನ್ನು 80 ಬಳಸುತ್ತದೆ. ಉಳಿಯುವುದು 1412, ವೈರ್‌ಗಾರ್ಡ್ ತಾನಾಗಿ ಸಾಮಾನ್ಯವಾಗಿ ಇಟ್ಟುಕೊಳ್ಳುವುದು 1420. ಆ 8 ಬೈಟ್ ಹೆಚ್ಚಾದ ಪ್ಯಾಕೆಟ್ಟುಗಳು ದಾರಿಯಲ್ಲೇ ಬಿದ್ದುಹೋಗುತ್ತಿರಬೇಕು. ಪೈ ಮತ್ತು ವಿಪಿಎಸ್ ಎರಡರಲ್ಲೂ ಎಂಟಿಯು 1412 ಎಂದು ಬರೆದು ಸುರಂಗವನ್ನು ಮತ್ತೆ ಎಬ್ಬಿಸಿ.

ಪ್ರಶ್ನಿಸಿದವರು:

1412 ಹಾಕಿದ ಮರುಕ್ಷಣ ಫೋಟೊ ಏರಿತು. ಅಪ್ಪ ಅಂಗಳದಲ್ಲಿ ನಿಂತು ತಮ್ಮ ಮೊಬೈಲ್ ಡೇಟಾದಿಂದ ಅಡಿಕೆ ಚಪ್ಪರದ 40 ಚಿತ್ರಗಳನ್ನು ಕಳುಹಿಸಿದರು, ಎಲ್ಲವೂ ಬಂದವು. ಸ್ಥಿರ ಐಪಿಗೆ ಕೊಟ್ಟಿದ್ದ ಅರ್ಜಿಯನ್ನು ಹಿಂತೆಗೆದುಕೊಂಡಿದ್ದೇನೆ.